ನೆಲಕ್ಕೂ ಒಂದು ಟೆಸ್ಟ್ ಮಾಡಿಸ್ರಿ

ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಲ್ಲಿ ಕಂಬ ಊರಿ ಅಪಾರ್ಟ್‌ಮೆಂಟ್ ಎತ್ತೋ ವಿಡಿಯೊ ನೋಡಿ ನಮ್ಮ ಐಟಿ ಮಂದಿ ಬೆರಗಾಗ್ತಾರೆ. ಆ ಮಣ್ಣಿನೊಳಗಿನ ಮಂಜುಗಡ್ಡೆ ಕಲ್ಲಿನಂಗ ಕಂಡ್ರೂ ಭಾರ ಬಿದ್ರೆ ವರ್ಷಗಟ್ಟಲೆ ಮೆಲ್ಲಗೆ ಜರುಗುತ್ತೆ. ಮನೆಯ ಬಿಸಿಗೆ ಕರಗಿದ್ರೆ ನೆಲ ಕುಸಿಯುತ್ತೆ. ಅದಕ್ಕೇ ಅಲ್ಲಿ ಮನೆಗೂ ನೆಲಕ್ಕೂ ನಡುವೆ ಗಾಳಿಯಾಡೋ ಜಾಗ ಬಿಡ್ತಾರೆ. ವಿಡಿಯೊ ಫಾರ್ವರ್ಡ್ ಮಾಡಿದ ಕೈಯಲ್ಲೇ ಊರ ಮನೆಗೆ ದುಡ್ಡು ಕಳಿಸ್ತಾರೆ. ಆ ಮನೆಯ ಕೆಳಗಿನ ಮಣ್ಣು ಎಂಥದ್ದು ಅಂತ ಕೇಳೋರಿಲ್ಲ.

ಗಲಗಲಿ ಕಡೆ ಕೃಷ್ಣಾ ದಂಡೆಯ ಎರಿ ಭೂಮಿ ತುಂಟತನದಲ್ಲಿ ಸೈಬೀರಿಯಾಕ್ಕೇನೂ ಕಮ್ಮಿಯಿಲ್ಲ. ಅದರ ಜೇಡಿ ಮಳೆಗಾಲದಾಗ ನೀರು ಕುಡಿದು ಉಬ್ಬುತ್ತೆ, ಬ್ಯಾಸಗಿಯೊಳಗ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತೆ. ಮನೆಯ ಅಂಚಿನ ಮಣ್ಣು ಹೀಗೆ ಏರಿಳಿಯುವಾಗ ನಡುವಿನದು ಹೆಚ್ಚುಕಮ್ಮಿ ಹಾಗೇ ಇರುತ್ತೆ. ಗೋಡೆ ಕಿಟಕಿ ಮೂಲೆಯಿಂದ ಓರೆಯಾಗಿ ಸೀಳುತ್ತೆ. ಪೆಟ್ಟು ಜಾಸ್ತಿ ಬೀಳೋದು ಒಂದಂತಸ್ತಿನ ಹಗುರ ಮನೆಗೇ. ಉಬ್ಬೋ ಮಣ್ಣನ್ನ ಅದುಮಿಡೋ ಭಾರ ಅದಕ್ಕಿಲ್ಲ. ಅಂದ್ರೆ ಬಡವರ ಮನೆಗೆ.

ಬಿರುಕು ಬಿಟ್ಟಾಗ ಬೈಸಿಕೊಳ್ಳೋನು ಗೌಂಡಿ. ಇಲ್ಲಾಂದ್ರೆ ವಾಸ್ತು. ಆದರೆ ಉತ್ತರ ಎಂದೋ ಸಿಕ್ಕಿದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂಗ ಅಗಲವಾಗೋ ಪೈಲ್ ರೂಪಿಸಿ ದಶಕಗಳಾದವು. ಮಣ್ಣು ಅಲುಗದ ಆಳದಲ್ಲಿ ಅದು ಕಚ್ಚಿ ನಿಲ್ಲುತ್ತೆ. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ, ಎರಿಯ ಮೇಲೆ ಉಬ್ಬದ ಮಣ್ಣಿನ ಪದರ ಹಾಸಿ ಅದನ್ನ ಹಿಡಿದಿಡಬಹುದು ಅಂತ ತೋರಿಸಿದ್ರು. ನಮ್ಮ ಪಕ್ಕದ ಮಲಪ್ರಭಾ ಕಾಲುವೆಯಲ್ಲೇ ಅದು ಬಳಕೆಗೆ ಬಂತು. ಕಾಲುವೆಗೆ ಸಿಕ್ಕ ಮರ್ಯಾದೆ ಮನೆಗ್ಯಾಕಿಲ್ಲ?

ಈ ಪ್ರಶ್ನೆ ಈಗಲೇ ಕೇಳಬೇಕು. ಆಲಮಟ್ಟಿಯ ನೀರಿನ ಮಟ್ಟವನ್ನ 519.6ರಿಂದ 524.256 ಮೀಟರ್‌ಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರಲ್ಲೇ ಒಪ್ಪಿದೆ. ಏರಿದ್ರೆ ಹಿನ್ನೀರಿನ ಊರುಗಳು ಮತ್ತೆ ಎದ್ದು ಹೋಗಬೇಕು. ಪರಿಹಾರದ ದರಕ್ಕೆ ಜಗಳಾಡ್ರಿ, ಆಡಲೇಬೇಕು. ಜೊತೆಗೆ ಕೊಡೋ ಪ್ಲಾಟಿನಲ್ಲಿ ಎರಿ ಎಷ್ಟು ಆಳ ಐತಿ, ಎಷ್ಟು ಉಬ್ಬುತ್ತೆ ಅಂತ ಬರೆದು ಕೊಡಾಕ ಹೇಳ್ರಿ. ಪರಿಹಾರದ ದುಡ್ಡಲ್ಲಿ ಎರಡು ಸಲ ಮನೆ ಕಟ್ಟೋಕಾಗಲ್ಲ.

ಉಬ್ಬರದ ಮೊದಲ ಪರೀಕ್ಷೆಗೆ ಬೇಕಾಗೋದು ಎರಡು ಗಾಜಿನ ಜಾಡಿ, ತಲಾ ಹತ್ತು ಗ್ರಾಂ ಒಣ ಮಣ್ಣು, ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. ಮರುದಿನ ಎರಡನ್ನೂ ಅಳೆದು ನೋಡಿದ್ರೆ ಮಣ್ಣಿನ ಗುಣ ಗೊತ್ತಾಗುತ್ತೆ. ಟೆಸ್ಟ್ ಆಗದ ಕೋಡನ್ನ ಪ್ರೊಡಕ್ಷನ್‌ಗೆ ಬಿಡದ ಮಂದಿ, ಟೆಸ್ಟ್ ಆಗದ ನೆಲದ ಮೇಲೆ ಅಪ್ಪ-ಅವ್ವನ್ನ ಹೆಂಗ ಬಿಡ್ತೀರಿ?