ನಾಮ ಬಿದ್ದುದು ಯಾರಿಗೆ?

ಐರ್ಲೆಂಡಿನಲ್ಲಿ 2009ರ ಶಾಸನದಿಂದ ಹುಟ್ಟಿದ ರಾಷ್ಟ್ರೀಯ ಆಸ್ತಿ ನಿರ್ವಹಣಾ ಸಂಸ್ಥೆಯನ್ನು ಅಲ್ಲಿನ ಜನ ‘ನಾಮಾ’ ಎಂದು ಕರೆದರು. ಅದು ವಹಿಸಿದ ಕೆಲಸವನ್ನು ಸಮರ್ಥವಾಗಿ ಪೂರೈಸಿತೆಂದು ಅಧಿಕಾರಸ್ಥರು ಬೆನ್ನು ತಟ್ಟಿಕೊಂಡಿದ್ದಾರೆ. ಈ ಹೊಗಳಿಕೆಯನ್ನು ಹಾಗೆಯೇ ಒಪ್ಪಲು ನಾವು ಸಿದ್ಧರಿಲ್ಲ.

ಮೊದಲು ಲೆಕ್ಕ. ನಿವೇಶನ, ಕಟ್ಟಡಗಳ ಬೆಲೆ ಏರುತ್ತಲೇ ಇರುವುದೆಂದು ನಂಬಿ ಐದು ಸಾಲಸಂಸ್ಥೆಗಳು ಬಿಲ್ಡರುಗಳಿಗೆ ಹಣ ಸುರಿದಿದ್ದವು. ಬೆಲೆ ಕುಸಿಯಿತು, ಸಾಲ ಮುಳುಗಿತು. 7,400 ಕೋಟಿ ಯೂರೋಗಳ ಆ ಸಾಲವನ್ನು ನಾಮಾ 3,180 ಕೋಟಿಗೆ ಕೊಂಡಿತು. ಇದಕ್ಕಾಗಿ ಕೊಟ್ಟ ಸಾಲಪತ್ರಗಳಲ್ಲಿ 3,020 ಕೋಟಿಯನ್ನು 2017ರಲ್ಲಿಯೇ, ಉಳಿದುದನ್ನು 2020ರಲ್ಲಿ ತೀರಿಸಿತು. ಮೇಲೆ ಸುಮಾರು 500 ಕೋಟಿ ಬೊಕ್ಕಸಕ್ಕೆ ಮಿಗುವಂತಾಯಿತು. ಈ ದಕ್ಷತೆಯನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ.

ಆದರೆ ಕಡತದ ಇನ್ನೊಂದು ಪುಟವನ್ನೂ ತಿರುವಬೇಕು. ಆ ಸಾಲಗಳ ಅಂದಿನ ಪೇಟೆ ಬೆಲೆ 2,620 ಕೋಟಿ ಮಾತ್ರ. ಹೆಚ್ಚಿಗೆ ತೆತ್ತ 560 ಕೋಟಿ ಬ್ಯಾಂಕುಗಳಿಗೆ ಸಂದ ಸರ್ಕಾರಿ ನೆರವೇ ಸರಿ. ಬ್ಯಾಂಕುಗಳಿಗೆ ತಗುಲಿದ ನಷ್ಟದ ಹಳ್ಳವನ್ನಾದರೂ ತುಂಬಿದವರಾರು? ಸುಮಾರು 6,400 ಕೋಟಿ ಸುರಿದ ಅದೇ ಬೊಕ್ಕಸ. ಒಂದು ಜೇಬಿನ ತೂತನ್ನು ಮರೆತು ಇನ್ನೊಂದು ಜೇಬಿನ ಚಿಲ್ಲರೆಯನ್ನು ಎಣಿಸುವುದಕ್ಕೆ ಲಾಭವೆನ್ನಬಹುದೆ?

ಮಾರಾಟದ ರೀತಿಯೂ ಪ್ರಶ್ನಾತೀತವಲ್ಲ. ಉತ್ತರ ಐರ್ಲೆಂಡಿನ ಸಾಲಗಳನ್ನು 2014ರಲ್ಲಿ ಅಮೆರಿಕದ ಸರ್ಬೆರಸ್ ಕಂಪನಿಗೆ ಒಟ್ಟಾಗಿ ಮಾರಲಾಯಿತು. ಇದರಲ್ಲಿ 19 ಕೋಟಿ ಪೌಂಡುಗಳವರೆಗೆ ನಷ್ಟವಾಗಿರಬಹುದೆಂದು 2016ರಲ್ಲಿ ಸರ್ಕಾರಿ ಲೆಕ್ಕ ಪರಿಶೋಧಕರೇ ಹೇಳಿದರು. ಸಂಸ್ಥೆ ಅದನ್ನು ಒಪ್ಪಲಿಲ್ಲ.

ಎಲ್ಲಕ್ಕಿಂತ ದೊಡ್ಡದು ಮನೆಯ ಪ್ರಶ್ನೆ. ನಾಮಾ 7,000 ಮನೆಗಳನ್ನು ಗುರುತಿಸಿ ಬಡವರ ವಸತಿಗೆಂದು ಸ್ಥಳೀಯ ಆಡಳಿತಗಳ ಮುಂದಿಟ್ಟಿತು. ಅವು ಬೇಕೆಂದದ್ದು ಅರ್ಧಕ್ಕೂ ಕಡಿಮೆ. ಕೊನೆಗೆ ದಕ್ಕಿದ್ದು ಸುಮಾರು 2,600. ತಪ್ಪು ನಾಮಾದ್ದೊಂದೇ ಅಲ್ಲ. ಆದರೆ 2025ರಲ್ಲಿ ಆ ಪುಟ್ಟ ದೇಶದಲ್ಲಿ ಸರ್ಕಾರದ ತುರ್ತು ವಸತಿಯಲ್ಲಿದ್ದ ನಿರಾಶ್ರಿತರು 15,000ಕ್ಕೂ ಹೆಚ್ಚು!

ಇಷ್ಟೊಂದು ಭೂಮಿ ಸಾರ್ವಜನಿಕರ ಹಿಡಿತಕ್ಕೆ ಬಂದದ್ದು ಅಪೂರ್ವ ಅವಕಾಶ. ಶಾಸನವೋ ಆಸ್ತಿಯಿಂದ ಹೆಚ್ಚು ಹಣ ಹುಟ್ಟಿಸುವುದನ್ನೇ ಮುಖ್ಯ ಗುರಿಯಾಗಿಸಿತು. ಗುಮಾಸ್ತ ತನಗೆ ಹೇಳಿದಂತೆ ಮಾಡಿದ, ಹೇಳಿದವರೇ ತಪ್ಪಿದರು. ಸಾಲ ವಸೂಲಿಗಾರನಾಗಿ ನಾಮಾ ಗೆದ್ದಿತು. ಜನರ ಸಂಸ್ಥೆಯಾಗಿ ಸೋತಿತು. ನಷ್ಟವನ್ನು ಜನ ಹೊತ್ತ ಮೇಲೆ ನೆಲದ ಮೇಲಿನ ಹಕ್ಕೂ ಜನರದಾಗಬೇಕಿತ್ತು. ಅದಾಗದೆ ಹೋದುದರಿಂದಲೇ ನಾವು ಕೇಳುತ್ತೇವೆ: ನಾಮ ಬಿದ್ದುದು ಯಾರಿಗೆ?