ಕೇಟರಿಂಗ್ ಮಾಡುವವರಿಗೆ ಸ್ವಂತ ಪಿಕಪ್ ಬೇಕು

ಏಲೂರಿನಲ್ಲಿ ನಮ್ಮದು ಚಿಕ್ಕ ಸಸ್ಯಾಹಾರಿ ಹೋಟೆಲು. ಫ್ಯಾಕ್ಟರಿಗಳ ಊರಾದ್ದರಿಂದ ಹೊರಗಿನ ಊಟದ ಆರ್ಡರೂ ಉಂಟು. "ಬಾಡಿಗೆ ಗಾಡಿ ಸಿಗುವಾಗ ಸ್ವಂತ ಪಿಕಪ್ ಯಾಕೆ?" ಎಂದು ಸದಸ್ಯರು ಹಲವರು ಕೇಳುತ್ತಾರೆ. ನಾವೂ ಮೊದಲು ಹಾಗೆಯೇ ಹೇಳುತ್ತಿದ್ದೆವು.

ಒಂದು ಮುಹೂರ್ತದ ದಿನ ಬಾಡಿಗೆ ಗಾಡಿ ಬರಲಿಲ್ಲ. 300 ಎಲೆಯ ಊಟ ಆಟೋಗಳಲ್ಲಿ ಹೋಯಿತು. ಪಾಯಸ ತಲುಪಿತು, ಅನ್ನ ತಲುಪಲಿಲ್ಲ. ಹುಡುಗಿಯ ತಂದೆ ಒಂದು ಮಾತೂ ಆಡಲಿಲ್ಲ, ಬೈದಿದ್ದರೆ ವಾಸಿಯಿತ್ತು. ಮುಹೂರ್ತ ಎಲ್ಲರಿಗೂ ಒಂದೇ ದಿನ ಬರುತ್ತದೆ, ಬಾಡಿಗೆ ಗಾಡಿ ಸಿಗದಿರುವುದೂ ಅದೇ ದಿನ.

ಆಮೇಲೆ ಓಮ್ನಿ ತೆಗೆದುಕೊಂಡೆವು. ಹಿಂದಿನ ಸೀಟು ಬಿಚ್ಚಿ ಪಾತ್ರೆ ಇಟ್ಟರೆ ಒಮ್ಮೆ ಚೆಲ್ಲಿದ ಸಾಂಬಾರಿನ ವಾಸನೆ ತಿಂಗಳಾದರೂ ಹೋಗದು. ಪಿಕಪ್ಪಿನ ಡಾಲಾ ಹಾಗಲ್ಲ, ಪೈಪ್ ಹಿಡಿದು ತೊಳೆದರೆ ಮುಗಿಯಿತು. ಬೆಳಿಗ್ಗೆ ತರಕಾರಿ, ಬಾಳೆಎಲೆ, ತೆಂಗಿನಕಾಯಿ. ಹತ್ತು ಗಂಟೆಗೆ ಊಟ. ಸಂಜೆ ಎಂಜಲು ಪಾತ್ರೆ. ಒಂದೇ ಗಾಡಿ ಮೂರು ಕೆಲಸ ಮಾಡುತ್ತದೆ. ಕಂಟೇನರ್ ರಸ್ತೆ ಆದ ಮೇಲೆ ವಲ್ಲಾರ್‌ಪಾಡಂ ಕಡೆಯ ಆರ್ಡರನ್ನೂ ಧೈರ್ಯವಾಗಿ ಒಪ್ಪುತ್ತೇವೆ.

ಗಾಡಿ ದೊಡ್ಡದೇ ಬೇಕೆಂದಿಲ್ಲ. 2005ರಲ್ಲಿ ಬಂದ ಟಾಟಾ ಏಸ್, ಜನ ಛೋಟಾ ಹಾಥಿ ಎನ್ನುತ್ತಾರಲ್ಲ, ಅದು ಸುಮಾರು ಮುಕ್ಕಾಲು ಟನ್ ಹೊರುತ್ತದೆ. ನಮ್ಮ ಲೆಕ್ಕದಲ್ಲಿ 300 ಊಟ, ಪಾತ್ರೆ ಸಮೇತ, ಅರ್ಧ ಟನ್ನಿನ ಆಸುಪಾಸು. ಮದುವೆ ಸೀಸನ್ನಿನಲ್ಲಿ ದೊಡ್ಡ ಆರ್ಡರ್ ಹಿಡಿಯುವವರು ಬೊಲೆರೊ ಪಿಕಪ್ ನೋಡಲಿ. ಆರ್‌ಸಿ ಪುಸ್ತಕದಲ್ಲಿ ಭಾರ ಸಮೇತದ ಒಟ್ಟು ತೂಕ 3,000 ಕಿಲೋ ದಾಟದಿದ್ದರೆ ಪರ್ಮಿಟ್ ಬೇಡ. ಕೊಳ್ಳುವ ಮೊದಲು ಇದನ್ನು ಓದಿ, ಶೋರೂಮಿನವರ ಬಾಯಿಮಾತು ನಂಬಬೇಡಿ. ಲೈಸೆನ್ಸಿನ ಗೊಂದಲವೂ ಕಳೆದಿದೆ: 7,500 ಕಿಲೋ ಒಳಗಿನ ಸರಕು ಗಾಡಿಗೆ ಕಾರಿನ ಲೈಸೆನ್ಸೇ ಸಾಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು.

2018ರ ಆಗಸ್ಟ್‌ನಲ್ಲಿ ಪೆರಿಯಾರ್ ಉಕ್ಕಿ ಏಲೂರಿಗೆ ನೀರು ನುಗ್ಗಿದಾಗ ಅಕ್ಕಿ ಮೂಟೆ, ಗ್ರೈಂಡರ್ ಎತ್ತರಕ್ಕೆ ಸಾಗಿಸಿದ್ದು ಇದೇ ಗಾಡಿಯಲ್ಲಿ. ನೀರು ಇಳಿದ ಮೇಲೆ ಕ್ಯಾಂಪಿಗೆ ಉಪ್ಪಿಟ್ಟು ಹೋದದ್ದೂ ಇದರಲ್ಲೇ.

ಒಂದು ತಪ್ಪು ಹೇಳಿಕೊಳ್ಳಬೇಕು. ಬಡಿಸುವ ಹುಡುಗರನ್ನು ನಾವು ಹಿಂದೆ ಡಾಲಾದಲ್ಲೇ ಕೂರಿಸುತ್ತಿದ್ದೆವು. ಪಾತಾಳಂ ಹತ್ತಿರ ಒಂದು ತಿರುವಿನಲ್ಲಿ ಕಟ್ಟದೆ ಇಟ್ಟ ಸಾಂಬಾರಿನ ಕೊಪ್ಪರಿಗೆ ಜಾರಿ ಒಬ್ಬ ಹುಡುಗನ ಕಾಲು ಸುಟ್ಟಿತು. ಎರಡು ತಿಂಗಳು ಅವನು ನಿಲ್ಲಲಾಗಲಿಲ್ಲ. ಆಸ್ಪತ್ರೆ ಖರ್ಚು, ಸಂಬಳ ಕೊಟ್ಟೆವು, ಆದರೆ ಅವನ ತಾಯಿ ಊರಿನಿಂದ ಬಂದು ಬಾಗಿಲಲ್ಲಿ ನಿಂತಾಗ ಮುಖ ಎತ್ತಲಾಗಲಿಲ್ಲ. ಈಗ ಪಾತ್ರೆಯ ಅಡಿಗೆ ಒದ್ದೆ ಗೋಣಿ, ಮುಚ್ಚಳಕ್ಕೆ ಬಟ್ಟೆ, ಸುತ್ತ ಹಗ್ಗ. ಹುಡುಗರಿಗೆ ಬಸ್ಸಿನ ದುಡ್ಡು ಕೈಯಲ್ಲಿ ಕೊಟ್ಟು ಒಂದು ಗಂಟೆ ಮೊದಲೇ ಕಳಿಸುತ್ತೇವೆ.