ನಮ್ಮ ಹೆಣ್ಣುಮಕ್ಕಳೂ ಗಣಕವಿದ್ಯೆಯೂ

ಹೈಸ್ಕೂಲಿನ ಹುಡುಗಿಯರಿಗೆ ಆ್ಯಪ್ ರಚಿಸುವುದನ್ನೂ ಪ್ರೋಗ್ರಾಮ್ ಎಂಬ ಕ್ರಮವಿಧಿಯನ್ನು ಬರೆಯುವುದನ್ನೂ ಯಾತಕ್ಕೆ ಕಲಿಸಬೇಕೆಂದು ತಂದೆತಾಯಿಗಳಲ್ಲಿ ಕೆಲವರು ನಮ್ಮನ್ನು ಕೇಳುವುದುಂಟು. ಇದನ್ನು ಕಲಿತೊಡನೆ ಬೆಂಗಳೂರಿನಲ್ಲಿ ದೊಡ್ಡ ಸಂಬಳದ ಕೆಲಸವು ಸಿಕ್ಕುವುದೇ ಎಂದು ಬೇರೆ ಕೆಲವರು ಕೇಳುತ್ತಾರೆ. ಇವೆರಡಕ್ಕೂ ನಾವು ಕೊಡುವ ಉತ್ತರವು ಒಂದೇ. ಓದುಬರಹವನ್ನು ನಾವು ಕೆಲಸಕ್ಕಾಗಿ ಮಾತ್ರವೇ ಕಲಿಸಲಿಲ್ಲ. ಅಕ್ಷರ ಬಾರದವಳು ಪರರು ಓದಿ ಹೇಳಿದ್ದನ್ನೇ ನಂಬಬೇಕಾಗುವುದೆಂಬ ಕಾರಣದಿಂದ ಕಲಿಸಿದೆವು. ಈ ಕಾಲದಲ್ಲಿ ಯಂತ್ರಕ್ಕೆ ಆಜ್ಞೆ ಕೊಡಲು ಅರಿಯದವಳ ಸ್ಥಿತಿಯೂ ಅಂಥದೇ ಆಗುತ್ತಲಿದೆ.

ಹೆಣ್ಣುಮಕ್ಕಳಿಗೆ ಈ ವಿದ್ಯೆಯು ಹೊರಗಿನದೆಂದು ಯಾರೂ ಎಣಿಸಬಾರದು. ೧೮೪೩ನೆಯ ವರ್ಷವು ಕನ್ನಡಿಗರಿಗೆ ಪ್ರಿಯವಾದದ್ದು. ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ವು ಆಗಲೇ ಹೊರಟಿತು. ಅವರೇ ಹತ್ತು ವರ್ಷಗಳ ತರುವಾಯ, ೧೮೫೩ರಲ್ಲಿ, ಈ ಕೊಡಗಿಗೂ ಬಂದರು. ಅದೇ ೧೮೪೩ರಲ್ಲಿ ಇಂಗ್ಲೆಂಡಿನ ಏಡಾ ಲವ್‌ಲೇಸ್ ಎಂಬ ಸ್ತ್ರೀಯು, ಬ್ಯಾಬೇಜರು ಕಲ್ಪಿಸಿದ್ದ ಆದರೆ ಇನ್ನೂ ಕಟ್ಟದಿದ್ದ ಒಂದು ಗಣಕಯಂತ್ರವು ಲೆಕ್ಕವನ್ನು ಯಾವ ಕ್ರಮದಿಂದ ಮಾಡತಕ್ಕದ್ದೆಂಬುದನ್ನು ಹೆಜ್ಜೆಹೆಜ್ಜೆಯಾಗಿ ಬರೆದು ಪ್ರಕಟಿಸಿದಳು. ೧೯೪೬ರಲ್ಲಿ ಅಮೇರಿಕದವರು ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಮಹಾಯಂತ್ರಕ್ಕೆ ಕ್ರಮವಿಧಿಗಳನ್ನು ಹೂಡಿದವರು ಆರು ಮಂದಿ ಸ್ತ್ರೀಯರು. ಆದುದರಿಂದ ನಮ್ಮ ಹುಡುಗಿಯರು ತಮ್ಮ ಹಿರಿಯಕ್ಕಂದಿರ ಹಾದಿಯನ್ನೇ ಹಿಡಿಯುತ್ತಾರೆ.

ಹಾಗಾದರೆ ಕಲಿಸುವುದು ಏನನ್ನು? ದೂರದ ಊರಿನ ಉದಾಹರಣೆ ಬೇಡ. ಕೊಡಗಿನ ಕಾಫಿತೋಟದ ಮನೆಗಳಲ್ಲಿ ಮಳೆಮಾಪಕವಿರುವುದನ್ನೂ, ದಿನದಿನದ ಮಳೆಯನ್ನು ಇಂಚು ಸೆಂಟುಗಳಲ್ಲಿ ಬರೆದಿಡುವುದನ್ನೂ ಎಲ್ಲರೂ ಬಲ್ಲರು. ಈ ಮಳೆಪುಸ್ತಕವನ್ನೇ ಆ್ಯಪ್ ಆಗಿ ರಚಿಸುವುದು ನಮ್ಮ ಒಂಬತ್ತನೆಯ ತರಗತಿಯ ಪಾಠ. ಮೊದಲು ಹುಡುಗಿಯು ಯಂತ್ರವನ್ನು ಮುಟ್ಟದೆ ಕನ್ನಡದಲ್ಲಿಯೇ ಬರೆಯಬೇಕು: ಈ ದಿನದ ಮಳೆಯನ್ನು ಕೇಳು, ಅದನ್ನು ಹೆಸರಿಟ್ಟ ಒಂದು ಪಾತ್ರೆಯಲ್ಲಿ ಇಡು, ತಿಂಗಳ ಮೊತ್ತಕ್ಕೆ ಕೂಡಿಸು, ಹೂಮಳೆ ಬಿದ್ದು ಇಪ್ಪತ್ತು ದಿನ ಕಳೆದರೂ ಎರಡನೆಯ ಮಳೆ ಬಾರದಿದ್ದರೆ ತೋಟಕ್ಕೆ ನೀರು ಹಾಯಿಸುವ ವಿಚಾರವನ್ನು ನೆನಪಿಸು. ಹೆಸರಿಟ್ಟ ಪಾತ್ರೆ, ಷರತ್ತು, ಪುನರಾವರ್ತನೆ ಎಂಬ ಕ್ರಮವಿಧಿಯ ಮೂಲತತ್ವಗಳೆಲ್ಲ ಇಷ್ಟರಲ್ಲಿಯೇ ಅಡಗಿವೆ. ಆ ಬಳಿಕವೇ ಆ್ಯಪ್ ಇನ್ವೆಂಟರ್ ಎಂಬ ಸಾಧನಕ್ಕೆ ಹೋಗುತ್ತೇವೆ. ಗೂಗಲಿನಲ್ಲಿ ಹುಟ್ಟಿ ಈಗ ಅಮೇರಿಕದ ಎಂಐಟಿ ವಿದ್ಯಾಲಯದವರು ನಡಿಸುತ್ತಿರುವ ಈ ಸಾಧನದಲ್ಲಿ ಆಜ್ಞೆಗಳನ್ನು ಬಣ್ಣದ ತುಂಡುಗಳಂತೆ ಒಂದಕ್ಕೊಂದು ಜೋಡಿಸಬಹುದು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಪರದೆಯ ಮೇಲಿನ ಮಾತುಗಳನ್ನು ಕನ್ನಡದಲ್ಲಿಯೇ ಬರೆಯಬಹುದು.

ಈ ಪಾಠದಲ್ಲಿ ಒಂದು ಸೂಕ್ಷ್ಮವುಂಟು. ಮಳೆ ಬಾರದ ದಿನಕ್ಕೆ ಸೊನ್ನೆಯನ್ನು ಬರೆಯತಕ್ಕದ್ದು. ಆದರೆ ಮಳೆಯನ್ನು ಅಳೆಯದೆ ಬಿಟ್ಟ ದಿನಕ್ಕೆ ಏನು ಬರೆಯತಕ್ಕದ್ದು? ಅಲ್ಲಿಯೂ ಸೊನ್ನೆಯೆಂದು ಬರೆದರೆ ಜುಲೈ ತಿಂಗಳ ಮಹಾಮಳೆಯ ದಿನವೊಂದು ಬಿಸಿಲಿನ ದಿನವಾಗಿ ಎಣಿಸಲ್ಪಟ್ಟು, ಇಡೀ ತಿಂಗಳ ಮೊತ್ತವೇ ಸುಳ್ಳಾಗುವುದು. ‘ಇಲ್ಲ’ ಎಂಬುದು ಬೇರೆ, ‘ಗೊತ್ತಿಲ್ಲ’ ಎಂಬುದು ಬೇರೆ. ಈ ಭೇದವನ್ನು ಯಂತ್ರವು ತಾನಾಗಿ ಅರಿಯದು. ಕ್ರಮವಿಧಿ ಬರೆಯುವವಳು ಅರಿತು ಹೇಳಿಕೊಡಬೇಕು. ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಇದನ್ನು ಒಮ್ಮೆ ಕಂಡುಕೊಂಡಳೆಂದರೆ, ಮುಂದೆ ಯಂತ್ರವು ತೋರಿಸಿದ ಯಾವ ಸಂಖ್ಯೆಯನ್ನೂ ವಿಚಾರಿಸದೆ ನಂಬಲಾರಳು. ಪ್ರಾಮಾಣಿಕತೆಯ ಪಾಠವೆಂದು ಇದನ್ನು ಕರೆದರೆ ತಪ್ಪಾಗದೆಂದು ನಮ್ಮ ಅಭಿಪ್ರಾಯ.

ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುಚ್ಛಕ್ತಿಯೂ ಅಂತರಜಾಲವೂ ಇಲ್ಲದಾಗುವ ದಿನಗಳುಂಟಷ್ಟೆ. ಆದಾಗ್ಯೂ ಪಾಠವು ನಿಲ್ಲಬೇಕಾಗಿಲ್ಲ. ನ್ಯೂಜಿಲೆಂಡಿನ ಟಿಮ್ ಬೆಲ್ ಮೊದಲಾದ ಉಪಾಧ್ಯಾಯರು ಗಣಕಯಂತ್ರವಿಲ್ಲದೆಯೇ ಗಣಕವಿದ್ಯೆಯನ್ನು ಆಟಗಳ ಮೂಲಕ ಕಲಿಸುವ ಪದ್ಧತಿಯನ್ನು ಲೋಕಕ್ಕೆ ಕೊಟ್ಟಿದ್ದಾರೆ. ಹನ್ನೆರಡು ಮಂದಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಬಲಗಡೆಯವಳಿಗಿಂತ ನೀನು ಎತ್ತರವಾಗಿದ್ದರೆ ಅವಳೊಡನೆ ಸ್ಥಳ ಬದಲಿಸು, ಯಾರೂ ಬದಲಿಸದ ಸುತ್ತು ಬರುವ ತನಕ ಹೀಗೆ ಮಾಡು ಎಂದರೆ ಸಾಕು; ಸಾಲು ತಾನೇ ಕ್ರಮಗೊಳ್ಳುವುದು. ಕಾಫಿಬೀಜಗಳನ್ನು ಜರಡಿಯ ಮೇಲೆ ಜರಡಿಯಿಟ್ಟು ಗಾತ್ರಕ್ಕನುಸಾರ ವಿಂಗಡಿಸುವುದನ್ನು ಕಂಡಿರುವ ನಮ್ಮ ಮಕ್ಕಳಿಗೆ ಇದು ಬೇಗನೆ ತಿಳಿಯುತ್ತದೆ.

ಇನ್ನು ಆಕ್ಷೇಪಗಳ ವಿಷಯ. ೨೦೨೦ರ ಸುಮಾರಿಗೆ, ಕೋಡಿಂಗ್ ಕಲಿತ ಬಾಲಕರು ಕೋಟ್ಯಧೀಶರಾಗುವರೆಂಬಂತೆ ಜಾಹೀರಾತು ಮಾಡಿ ತಂದೆತಾಯಿಗಳಿಂದ ಹಣ ಕಿತ್ತ ವ್ಯಾಪಾರಗಳು ಹುಟ್ಟಿದವು. ಅಂಥ ಮಾತನ್ನು ನಾವು ಆಡುವುದಿಲ್ಲ. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯು ಆರನೆಯ ತರಗತಿಯಿಂದಾಚೆಗೆ ಕೋಡಿಂಗ್ ಚಟುವಟಿಕೆಗಳಿರಬೇಕೆಂದು ಹೇಳಿತು. ಅದು ಹೇಳಿತೆಂಬ ಮಾತ್ರಕ್ಕೆ ನಾವು ಕಲಿಸುವವರೂ ಅಲ್ಲ. ೨೦೨೨ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರವೇ ಕ್ರಮವಿಧಿಯನ್ನು ಬರೆಯುವಾಗ ಮಕ್ಕಳಿಗೆ ಈ ಶ್ರಮವೇಕೆ ಎನ್ನುವವರು ಹೆಚ್ಚಿದ್ದಾರೆ. ಪತ್ರ ಬರೆದುಕೊಡುವ ಗುಮಾಸ್ತನಿರುವನೆಂದು ಓದನ್ನು ಬಿಟ್ಟವರುಂಟೆ? ಬರೆದುಕೊಟ್ಟದ್ದು ಸರಿಯೋ ತಪ್ಪೋ ಎಂದು ನೋಡಬಲ್ಲವಳಿಗೆ ಗುಮಾಸ್ತನು ಸೇವಕ. ನೋಡಲಾರದವಳಿಗೆ ಅವನೇ ಯಜಮಾನ.

ಎಲ್ಲಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ನೂರು ಮಂದಿ ಗಂಡಸರಲ್ಲಿ ೫೭ ಮಂದಿ ಅಂತರಜಾಲವನ್ನು ಒಮ್ಮೆಯಾದರೂ ಬಳಸಿದ್ದರು. ನೂರು ಮಂದಿ ಹೆಂಗಸರಲ್ಲಿ ೩೩ ಮಂದಿ ಮಾತ್ರವೇ. ಮನೆಯಲ್ಲಿ ಒಂದೇ ಫೋನು ಇದ್ದರೆ ಅದು ಅಣ್ಣನ ಕೈಯಲ್ಲಿರುವುದು. ತಂಗಿಯು ಕೇಳಿದರೆ ಹಾಳಾಗುವಳೆಂಬ ಭಯ. ಭಯಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಫೋನಿನಲ್ಲಿ ಹೊತ್ತುಗಳೆಯುವುದು ಒಂದು, ಅದರೊಳಗೆ ನಡೆಯುವ ಒಂದು ಕೆಲಸವನ್ನು ತಾನೇ ರಚಿಸುವುದು ಇನ್ನೊಂದು. ಮೊದಲನೆಯದರಿಂದ ಮಕ್ಕಳನ್ನು ಬಿಡಿಸುವ ಉಪಾಯವು ಎರಡನೆಯದೇ ಎಂದು ತರಗತಿಯಲ್ಲಿ ಕಾಣುತ್ತಿದ್ದೇವೆ. ಮಗನಿಗೆ ಅಪಾಯವಲ್ಲದ ವಿದ್ಯೆಯು ಮಗಳಿಗೆ ಮಾತ್ರ ಅಪಾಯವಾಗುವುದು ಹೇಗೆ?

ಆದಕಾರಣ ಪೋಷಕರಲ್ಲಿ ನಮ್ಮ ಬಿನ್ನಹವೇನಂದರೆ: ದಿನಕ್ಕೆ ಅರ್ಧ ಗಂಟೆ ಮನೆಯ ಫೋನನ್ನು, ನಿಮ್ಮ ಕಣ್ಣೆದುರಿನಲ್ಲಿಯೇ, ಮಗಳ ಕೈಗೆ ಕೊಡಿರಿ, ತಾನು ರಚಿಸಿದ್ದನ್ನು ನಿಮಗೆ ವಿವರಿಸಿ ಹೇಳೆಂದು ಕೇಳಿರಿ. ವಿವರಿಸಲು ಬಂದರೆ ಕಲಿತಿದ್ದಾಳೆಂದು ತಿಳಿಯಿರಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮೈಸೂರು, ಬೆಂಗಳೂರು, ಪರದೇಶಗಳಲ್ಲಿ ಇದೇ ಉದ್ಯೋಗದಲ್ಲಿದ್ದಾರೆ. ರಜೆಗೆ ಪೊನ್ನಂಪೇಟೆಗೆ ಬಂದಾಗ ಒಂದು ಬೆಳಿಗ್ಗೆಯನ್ನು ನಿಮ್ಮ ತಂಗಿಯರಿಗಾಗಿ ಮೀಸಲಿಡಿರಿ. ನಿಮ್ಮ ಹಣಕ್ಕಿಂತಲೂ ನಿಮ್ಮ ದರ್ಶನವು ಅವರಿಗೆ ಹೆಚ್ಚಿನ ಧೈರ್ಯವನ್ನು ಕೊಡುವುದು.

ದೇವರು ಮಗಳಿಗೆ ಕೊಟ್ಟ ಬುದ್ಧಿಯೆಂಬ ತಲಾಂತನ್ನು ಮಣ್ಣಿನಲ್ಲಿ ಹೂತಿಡುವ ಅಧಿಕಾರವು ತಂದೆತಾಯಿಗಳಿಗೂ ಇಲ್ಲ, ಉಪಾಧ್ಯಾಯಿನಿಯರಾದ ನಮಗೂ ಇಲ್ಲ.